ಹತ್ತು ವರ್ಷದ ದರ್ಶನ ಪತ್ರ ಬರೆಯಲು ಕೂತಿದ್ದೇವೆ, ಸಲಹೆ ಬೇಕು

ಕರಾವಳಿಯ ಕಾರ್ಯದರ್ಶಿ:

ಎಲ್ಲರಿಗೂ ವಂದನೆಗಳು. ಉಡುಪಿ ಜಿಲ್ಲೆಯ ಒಂದು ಹಳೆಯ ಪ್ರಾಟೆಸ್ಟೆಂಟ್ ಸಭೆಗೆ, ಅಂದರೆ ಚರ್ಚಿಗೆ, ಈ ವರ್ಷ ನಾನು ಕಾರ್ಯದರ್ಶಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮಾವಿನ ಮರದ ಕೆಳಗೆ ನನ್ನ ವಿಚಾರಣೆ ನಡೆಯುತ್ತದೆ.

‘ದರ್ಶನ 2035’ ಎಂಬ ಪತ್ರ ತಯಾರಿಸಲು ನಮ್ಮ ಸಮಿತಿ ಮೂವರನ್ನು ನೇಮಿಸಿತ್ತು. ಕರಡು ಕೈಗೆ ಬಂದಿದೆ. ಹತ್ತು ವರ್ಷದಲ್ಲಿ ಸದಸ್ಯರ ಸಂಖ್ಯೆ ಎರಡು ಪಟ್ಟು, ಸುತ್ತಲಿನ ಐದು ಊರುಗಳಲ್ಲಿ ಪ್ರಾರ್ಥನಾ ಕೇಂದ್ರ, ಹಳೆಯ ಹಾಲ್ ಕೆಡವಿ ಎರಡು ಅಂತಸ್ತಿನ ಹವಾನಿಯಂತ್ರಿತ ಸಭಾಭವನ, ಪ್ರತಿ ವಾರದ ಆರಾಧನೆ ಯೂಟ್ಯೂಬ್‌ನಲ್ಲಿ ನೇರಪ್ರಸಾರ. ಬರೆದ ಮೂವರಲ್ಲಿ ಒಬ್ಬರು ಕಂಪನಿಯ ಮಾರಾಟ ವಿಭಾಗದಲ್ಲಿದ್ದು ನಿವೃತ್ತರಾದವರು. ಎರಡನೆಯ ಪುಟದಲ್ಲಿ ‘ಗ್ರಾಹಕ’ ಎಂಬ ಪದ ಒಂದು ಕಡೆ ತಿದ್ದದೆ ಉಳಿದುಹೋಗಿದೆ.

ನನ್ನ ತೊಡಕು ಇದು. ನೋಂದಣಿ ಪುಸ್ತಕದಲ್ಲಿ 186 ಕುಟುಂಬಗಳಿವೆ. ಬೆಂಚಿನಲ್ಲಿ ಕೂರುವವರನ್ನು ಸಂಗೀತ ಹಾಡುವ ಹೊತ್ತಿನಲ್ಲಿ ನಾನೇ ಎಣಿಸಿದ್ದೇನೆ (ಎಣಿಸಬಾರದು, ಗೊತ್ತು). ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್, ಸುಗ್ಗಿ ಹಬ್ಬ ಬಿಟ್ಟರೆ ತೊಂಬತ್ತು ತಲೆ ದಾಟುವುದಿಲ್ಲ. ಹಾಗಾದರೆ ಎರಡು ಪಟ್ಟು ಎಂದರೆ ಯಾವುದರ ಎರಡು ಪಟ್ಟು? ಇದನ್ನು ಸಮಿತಿಯಲ್ಲಿ ಕೇಳಿದೆ. ‘ನಿಮಗೆ ವಿಶ್ವಾಸ ಕಡಿಮೆ’ ಎಂದರು. ಇಂಥ ಪತ್ರ ಬರೆದು ಅನುಭವ ಇರುವವರು ದಯವಿಟ್ಟು ಹೇಳಿ.

ಜಮಾಖರ್ಚು:

ಹದಿನಾಲ್ಕು ವರ್ಷ ಖಜಾಂಚಿಯಾಗಿದ್ದ ನನಗೆ ದರ್ಶನ ಎಂದ ಕೂಡಲೇ ಸಿಮೆಂಟಿನ ವಾಸನೆ ಬರುತ್ತದೆ. ಕಟ್ಟಡಕ್ಕೆ ಕೊಡುವವರು ಎಷ್ಟು ಬೇಕಾದರೂ ಸಿಗುತ್ತಾರೆ, ಏಕೆಂದರೆ ಕಲ್ಲಿನ ಫಲಕದಲ್ಲಿ ಹೆಸರು ಬರುತ್ತದೆ. ಅದೇ ಕಟ್ಟಡದ ಕರೆಂಟ್ ಬಿಲ್ಲಿಗೆ ಕೊಡುವವರಿಲ್ಲ, ಬಿಲ್ಲಿನ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲ. ನಮ್ಮ ಸಭೆಯಲ್ಲಿ ಹೀಗೆಯೇ ಒಂದು ಹಾಲ್ ಎದ್ದಿತು. ಈಗ ಅದನ್ನು ಮದುವೆಗೆ ಬಾಡಿಗೆ ಕೊಟ್ಟು ಅದರದ್ದೇ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ. ಹಾಲ್ ನಮ್ಮನ್ನು ಸಾಕುತ್ತಿದೆಯೋ, ನಾವು ಹಾಲನ್ನು ಸಾಕುತ್ತಿದ್ದೇವೆಯೋ ತಿಳಿಯದು.

ಇನ್ನೊಂದು ವಿಷಯ. ಕರಡಿನಲ್ಲಿ ‘ವಿದೇಶದಲ್ಲಿರುವ ನಮ್ಮವರಿಂದ ನಿಧಿ ಸಂಗ್ರಹ’ ಎಂದು ಬರೆದಿದ್ದರೆ ಎಚ್ಚರ. ಕುವೈತಿನಲ್ಲೋ ದುಬೈಯಲ್ಲೋ ಇರುವ ನಿಮ್ಮ ಸಭೆಯ ಮಗನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಅವನು ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ, ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಮಗಳು ಕಳಿಸಿದರೆ ಅದು ವಿದೇಶಿ ದೇಣಿಗೆಯೇ, ಅವಳು ನಿಮ್ಮದೇ ಸಂಡೇ ಸ್ಕೂಲಿನಲ್ಲಿ ಬೆಳೆದಿರಲಿ, ಬಿಡಲಿ. 2010ರ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇಕಡಾ 20 ದಾಟಬಾರದು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಆ ಕಾಯ್ದೆಯಡಿ ನೋಂದಣಿ ಇಲ್ಲದ ಸಭೆ ಅಂಥ ಹಣ ಮುಟ್ಟಲೇಬಾರದು.

ಬೆಟಗೇರಿ ಮೇಷ್ಟ್ರು:

ತಮ್ಮಾ ಕಾರ್ಯದರ್ಶಿ, ನೀನು ಕೂತಿರುವ ಕುರ್ಚಿಗೆ ಸುಮಾರು ಇನ್ನೂರು ವರ್ಷದ ಪತ್ರವ್ಯವಹಾರದ ಹಿನ್ನೆಲೆ ಇದೆ, ಅದನ್ನು ಒಂದು ಸಲ ತಿರುಗಿಸಿ ನೋಡು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ನಿಮ್ಮ ಮಂಗಳೂರಿಗೆ ಬಂದಾಗ ಅವರ ಬಳಿ ಹತ್ತು ವರ್ಷದ ಪತ್ರ ಇರಲಿಲ್ಲ. ಬಂದವರು ಮೊದಲು ಭಾಷೆ ಕಲಿತರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿ. ಹೇಳಿದಷ್ಟು ಸಲೀಸಾಗಿ ಯಾವುದೂ ನಡೆಯಲಿಲ್ಲ.

ನಿಮ್ಮ ಸಮಿತಿಯವರಿಗೆ ಮಲಸಮುದ್ರದ ಕಥೆ ಹೇಳು. ಗದುಗಿನ ಹತ್ತಿರದ ಹಳ್ಳಿ ಅದು. ಕಾಲಜ್ಞಾನ ನಂಬುವ ಜನ ಗುಂಪುಗುಂಪಾಗಿ ಕ್ರೈಸ್ತರಾಗುತ್ತಾರೆ ಎಂಬ ನಿರೀಕ್ಷೆಯಲ್ಲಿ 1841ರ ಸುಮಾರಿಗೆ ಅಲ್ಲಿ ಭೂಮಿ ಹಿಡಿದು ಕೃಷಿ ವಸಾಹತು ತೆರೆದರು. ಹೊಲ ಸಿದ್ಧ, ಮನೆ ಸಿದ್ಧ, ಲೆಕ್ಕ ಸಿದ್ಧ. ಎಣಿಸಿದ ಜನ ಮಾತ್ರ ಬರಲಿಲ್ಲ. ವಸಾಹತು ಬಹಳ ಕಾಲ ಬಾಳಲಿಲ್ಲ. ನಾನು ಶಾಲಾ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ‘ಇದು ಬಾರದ ಜನರಿಗಾಗಿ ಮಾಡಿದ ಊರು’ ಎಂದು ತೋರಿಸುತ್ತಿದ್ದೆ.

ಇನ್ನೊಂದು ಕಡೆ ನೋಡು. ದೀಕ್ಷಾಸ್ನಾನ ಪಡೆದವರಿಗೆ ಹಳೆಯ ಗೇಣಿ ಹೋಯಿತು, ಕುಲದ ಕಸುಬು ಹೋಯಿತು, ಬಾವಿಯ ನೀರೂ ಹೋಯಿತು. ಅವರ ಹೊಟ್ಟೆಗೆ ದಾರಿ ಮಾಡಬೇಕಾಗಿ ನೇಯ್ಗೆ ಬಂತು, 1865ರಲ್ಲಿ ಅದೇ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ಇವತ್ತು ‘ಮಂಗಳೂರು ಹೆಂಚು’ ಎಂದರೆ ಎಲ್ಲರಿಗೂ ಗೊತ್ತು. ಎದುರಿಗೆ ನಿಂತಿದ್ದ ಹಸಿದ ಜನರಿಗೆ ಕೊಟ್ಟ ಉತ್ತರ ಅದು ಎಂಬುದು ಯಾರಿಗೂ ನೆನಪಿಲ್ಲ. ಹಾಗೆಂದು ಅದನ್ನೂ ಹೊಗಳಿ ಅಟ್ಟಕ್ಕೇರಿಸಬೇಡ. ಸಂಬಳ ಕೊಡುವವನೂ ಪ್ರಸಂಗ ಮಾಡುವವನೂ ಒಬ್ಬನೇ ಆದಾಗ ಸಭೆ ಕೈಚಾಚುವುದನ್ನು ಕಲಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಹಿಡಿದು ಹೊರಗೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು, ನಮ್ಮ ಹಿರಿಯರು ಒಂದೇ ಏಟಿಗೆ ಅಪ್ಪನೂ ಇಲ್ಲ ಯಜಮಾನನೂ ಇಲ್ಲ ಎಂಬಂತಾದರು.

ದೀರ್ಘಕಾಲದ ಕೆಲಸ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಕಿಟೆಲ್ ಸಾಹೇಬರನ್ನು ತೋರಿಸುತ್ತೇನೆ. ಬಂದದ್ದು 1853, ನಿಘಂಟು ಅಚ್ಚಾದದ್ದು 1894. ನಡುವೆ ಎಷ್ಟು ಜನ ‘ಇದರಿಂದ ಸಭೆಗೆ ಎಷ್ಟು ಜನ ಬಂದರು’ ಎಂದು ಕೇಳಿರಬಹುದು, ನೀನೇ ಊಹಿಸು.

ಪಕ್ಕದ ಓಣಿಯವನು:

ನಾನು ಕ್ರೈಸ್ತನಲ್ಲ. ಮಿಷನ್ ಶಾಲೆಯಲ್ಲಿ ಓದಿದವನು, ಇಲ್ಲಿ ಇತಿಹಾಸದ ಚರ್ಚೆ ಓದಲು ಬರುತ್ತೇನೆ. ಒಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ‘ಐದು ಊರುಗಳಲ್ಲಿ ಕೇಂದ್ರ’, ‘ಸಂಖ್ಯೆ ಎರಡು ಪಟ್ಟು’ ಎಂದು ಬರೆದಿದ್ದೀರಿ. ಆ ಎರಡನೆಯ ಪಟ್ಟಿನಲ್ಲಿ ನಾನೂ ನನ್ನ ಮಕ್ಕಳೂ ಇದ್ದೇವೆಯೇ? ನಮ್ಮ ಬೀದಿಯಲ್ಲಿ ನಿಮ್ಮ ಸಭೆಯವರ ಮೇಲೆ ನನಗೆ ಗೌರವವಿದೆ. ಅವರ ಕಾಗದದಲ್ಲಿ ನಾನು ಗುರಿಯಾಗಿ ಕೂತಿದ್ದೇನೆ ಎಂದು ಗೊತ್ತಾದರೆ ಮರುದಿನ ‘ಊಟವಾಯಿತೇ’ ಎಂದು ಅವರು ಕೇಳಿದ್ದೂ ಬೇರೆ ರೀತಿ ಕೇಳಿಸುತ್ತದೆ.

ಕರಿ ಕೋಟು:

ಮೇಲಿನ ಪ್ರಶ್ನೆ ನ್ಯಾಯವಾದದ್ದು. ವಕೀಲನಾಗಿ ನಾನು ಹೇಳಬಹುದಾದದ್ದು ಇಷ್ಟು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಗೆರೆ ಎಳೆಯಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆ ‘ಆಮಿಷ’ ಎಂಬುದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟಿತು. ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲವೂ ಅದರೊಳಗೆ ಸೇರಿದವು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು.

ಕಾನೂನು ಯಾವ ಕಡೆ ತಿರುಗಿದರೂ ಕಾಗದದ ಮೇಲೆ ‘ಇಷ್ಟು ತಲೆಗಳನ್ನು ತರುತ್ತೇವೆ’ ಎಂದು ಸಂಖ್ಯೆ ಬರೆಯುವುದು ಅವಿವೇಕ. ವೈದ್ಯಕೀಯ ಶಿಬಿರ ಮಾಡುವುದಾದರೆ ಅದು ಶಿಬಿರವಾಗಿಯೇ ಇರಲಿ, ಔಷಧಿ ಚೀಟಿಯ ಹಿಂದೆ ಆರಾಧನೆಯ ಸಮಯ ಅಚ್ಚು ಹಾಕಿಸಬೇಡಿ. ನಗಬೇಡಿ, ಹಾಕಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೊಸ ಸಭೆಯವನು:

ಎಲ್ಲರೂ ಬಹಳ ಜಾಗರೂಕತೆಯಿಂದ ಮಾತನಾಡುತ್ತಿದ್ದೀರಿ, ಸಹೋದರರೇ. ನಾನು ಬೆಂಗಳೂರಿನ ಹೊರವಲಯದ ಒಂದು ಸ್ವತಂತ್ರ ಸಭೆಯವನು. ಆರು ವರ್ಷದ ಹಿಂದೆ ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಹನ್ನೊಂದು ಜನ ಆರಂಭಿಸಿದೆವು. ಈಗ ಕುರ್ಚಿ ಸಾಲುವುದಿಲ್ಲ. ಪಟ್ಟಿ, ಗುರಿ, ಸಂಖ್ಯೆ ಎಲ್ಲ ಇಟ್ಟುಕೊಂಡಿದ್ದೇವೆ, ನಾಚಿಕೆ ಇಲ್ಲ. ಪೆಂತೆಕೊಸ್ತಿನ ದಿನ ಸುಮಾರು ಮೂರು ಸಾವಿರ ಜನ ಸೇರಿದರು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಲೂಕನು ಬರೆದಿದ್ದಾನಲ್ಲ, ಯಾರೋ ಎಣಿಸಿದ್ದರಿಂದಲೇ ತಾನೇ ಬರೆದದ್ದು? ನೂರು ವರ್ಷದ ಸಭೆಗಳು ಕಾಂಪೌಂಡ್ ಗೋಡೆಗೆ ಪ್ರತಿ ವರ್ಷ ಬಣ್ಣ ಹೊಡೆಯುತ್ತವೆ, ಗೇಟಿನ ಆಚೆ ಒಂದು ಮಾತೂ ಆಡುವುದಿಲ್ಲ. ಬಲವಂತ ಬೇಡ, ಆಮಿಷ ಬೇಡ, ಒಪ್ಪುತ್ತೇನೆ. ಆದರೆ ನನ್ನ ಬದುಕು ಬದಲಾದದ್ದನ್ನು ಪಕ್ಕದವನಿಗೆ ಹೇಳಲು ನಾಚುವುದಾದರೆ ನಾನು ಏನನ್ನು ನಂಬಿದ್ದೇನೆ? ಪಕ್ಕದ ಓಣಿಯ ಸಹೋದರರೇ, ನಿಮ್ಮನ್ನು ಗುರಿ ಎಂದಲ್ಲ, ಗೆಳೆಯ ಎಂದು ಭಾವಿಸಿ ಹೇಳುತ್ತೇನೆ. ಬೇಡ ಎಂದರೆ ಕಾಫಿ ಕುಡಿದು ಕ್ರಿಕೆಟ್ ಮಾತನಾಡೋಣ.

ಪಕ್ಕದ ಓಣಿಯವನು:

ಕಾಫಿಗೆ ನಾನು ತಯಾರು. ಹೇಳುವ ಹಕ್ಕು ನಿಮಗಿದೆ, ಅದನ್ನು ನಾನು ಪ್ರಶ್ನಿಸಲಿಲ್ಲ. ನನ್ನನ್ನು ಮುಂಚೆಯೇ ಎಣಿಸಿ ಇಟ್ಟುಕೊಳ್ಳುವುದನ್ನು ಪ್ರಶ್ನಿಸಿದೆ.

ಬಲ್ಮಠದ ವಿದ್ಯಾರ್ಥಿನಿ:

ದೈವಶಾಸ್ತ್ರ ಓದುತ್ತಿದ್ದೇನೆ, ಪರೀಕ್ಷೆ ಹತ್ತಿರವಿದೆ, ಆದರೂ ಬರೆಯದೆ ಇರಲಾಗುತ್ತಿಲ್ಲ. ಇಂಥ ಪತ್ರಗಳ ಮೊದಲ ಪುಟದಲ್ಲಿ ಜ್ಞಾನೋಕ್ತಿ 29:18 ಇದ್ದೇ ಇರುತ್ತದೆ. ದರ್ಶನ ಇಲ್ಲದಿದ್ದರೆ ಜನ ನಾಶವಾಗುತ್ತಾರೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಹಳೆಯ ಇಂಗ್ಲಿಷ್ ಬೈಬಲಿನಿಂದ ಹಬ್ಬಿದ ಅರ್ಥ ಅದು. ಹೀಬ್ರೂ ಮಾತಿನಲ್ಲಿರುವುದು ಜನ ಅಂಕೆ ತಪ್ಪುತ್ತಾರೆ ಎಂಬ ಭಾವ, ಅಲ್ಲಿನ ದರ್ಶನ ಪ್ರವಾದಿಗೆ ಸಿಗುವ ದೇವರ ಮಾತು. ಸಮಿತಿಯ ಯೋಜನೆಗೂ ಅದಕ್ಕೂ ಸಂಬಂಧವಿಲ್ಲ. ವಚನದ ಮುಂದಿನ ಅರ್ಧ ಧರ್ಮೋಪದೇಶವನ್ನು ಕೈಕೊಂಡು ನಡೆಯುವುದರ ಬಗ್ಗೆ ಇದೆ. ಆ ಅರ್ಧವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಎಣಿಕೆಯ ಬಗ್ಗೆ: ಹೊಸ ಸಭೆಯ ಅಣ್ಣ ಮೂರು ಸಾವಿರದ ಮಾತು ತಂದರು, ನಾನು ದಾವೀದನ ಜನಗಣತಿಯನ್ನು ತರುತ್ತೇನೆ. ಎರಡನೆಯ ಸಮುವೇಲನ ಪುಸ್ತಕದ 24ನೆಯ ಅಧ್ಯಾಯ. ಲೂಕನು ಎಣಿಸಿದ್ದು ಬಂದ ಮೇಲೆ, ದಾವೀದನು ಎಣಿಸಿದ್ದು ತನ್ನ ಬಲ ಎಷ್ಟೆಂದು ನೋಡಲು. ನಿಮ್ಮ ಕರಡು ಯಾವ ಎಣಿಕೆ?

ಇನ್ನೂ ಒಂದಿದೆ. ‘ಸಭಾ ಬೆಳವಣಿಗೆ’ ಎಂಬ ಇಡೀ ಶಾಸ್ತ್ರದ ಹಿಂದೆ ಇರುವವರು ಡೊನಾಲ್ಡ್ ಮೆಕ್‌ಗಾವ್ರನ್ ಎಂಬ ಅಮೆರಿಕನ್ ಮಿಷನರಿ. ಅವರು ಹುಟ್ಟಿದ್ದು ಮಧ್ಯಪ್ರದೇಶದ ದಮೋಹ್‌ನಲ್ಲಿ, 1897ರಲ್ಲಿ. ಮಧ್ಯ ಭಾರತದಲ್ಲಿ ದಶಕಗಟ್ಟಲೆ ದುಡಿದು, ಜನರು ತಮ್ಮ ಜಾತಿ, ಭಾಷೆ, ವರ್ಗದ ಗಡಿ ದಾಟದೆಯೇ ಕ್ರೈಸ್ತರಾಗಲು ಬಯಸುತ್ತಾರೆ, ಆದ್ದರಿಂದ ಒಂದೇ ಬಗೆಯ ಜನರ ನಡುವೆ ಸಭೆ ಬೇಗ ಬೆಳೆಯುತ್ತದೆ ಎಂದು ಸಾರಿದರು. ಅಮೆರಿಕದಲ್ಲಿ ಅದು ಬಡಾವಣೆಗೊಂದು ಸಭೆಯಾಯಿತು. ನಮ್ಮಲ್ಲಿ ಅದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕೇ? ಮದುವೆ ಪ್ರಸ್ತಾಪ ಬಂದಾಗ ‘ಅವರು ಮೊದಲು ಏನು’ ಎಂದು ಇಂದಿಗೂ ಕೇಳುವ ಸಭೆಗಳಲ್ಲಿ ನಾನು ಪ್ರಸಂಗ ಮಾಡಿ ಬಂದಿದ್ದೇನೆ. ಬೇಗ ಬೆಳೆಯುವುದಕ್ಕೆ ಒಂದು ಬೆಲೆ ಇರುತ್ತದೆ.

ಬೆಂಗಳೂರು ಬಾಡಿಗೆದಾರ:

ನಾನು ಅಂಥದ್ದೇ ಕರಾವಳಿ ಸಭೆಯ ನೋಂದಣಿ ಪುಸ್ತಕದಲ್ಲಿ ಇನ್ನೂ ಜೀವಂತವಾಗಿರುವವನು. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಅಪ್ಪ ಪ್ರತಿ ವರ್ಷ ನನ್ನ ಚಂದಾ ಕಟ್ಟಿ ರಸೀದಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಸ್ಮಶಾನದಲ್ಲಿ ಜಾಗ ತಪ್ಪಬಾರದು ಎಂಬ ಮುಂದಾಲೋಚನೆ. ನೂರು ವರ್ಷದ ದರ್ಶನ ಎಂದರೆ ಅದೇ ಇರಬೇಕು.

ಇಲ್ಲಿ ನನ್ನ ಮಗಳು ಇಂಗ್ಲಿಷ್ ಆರಾಧನೆಗೆ ಹೋಗುತ್ತಾಳೆ. ಕನ್ನಡ ಸಂಗೀತದ ರಾಗ ಅವಳಿಗೆ ಬರುತ್ತದೆ, ಅಜ್ಜಿ ಹಾಡಿದ್ದರಿಂದ. ಅಕ್ಷರ ಬರುವುದಿಲ್ಲ. ಊರಿಗೆ ಬಂದಾಗ ಪುಸ್ತಕ ಹಿಡಿದು ತುಟಿ ಆಡಿಸುತ್ತಾಳೆ. ನೇರಪ್ರಸಾರ ಮಾಡಿದರೆ ನಾನು ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ದೋಸೆ ತಿನ್ನುತ್ತಾ ನೋಡುತ್ತೇನೆ. ಅದನ್ನು ಹಾಜರಿ ಎಂದು ಬರೆದುಕೊಳ್ಳಬೇಡಿ.

ದುಬೈ ಶುಕ್ರವಾರ:

ಹೆಸರು ಹಳೆಯದು. 2022ರ ಜನವರಿಯಿಂದ ಇಲ್ಲಿ ವಾರಾಂತ್ಯ ಶನಿವಾರ ಭಾನುವಾರಕ್ಕೆ ಬದಲಾಯಿತು, ಆದರೂ ನಮ್ಮ ಬಾಯಲ್ಲಿ ಇನ್ನೂ ‘ಶುಕ್ರವಾರದ ಆರಾಧನೆ’. ಒಂದೇ ಆವರಣದಲ್ಲಿ ಮಲಯಾಳಿಗಳು ಮುಗಿಸಿ ಹೊರಬರುವಾಗ ತಮಿಳರು ಒಳಗೆ, ಅವರ ಹಿಂದೆ ತೆಲುಗರು, ಆಮೇಲೆ ನಾವು. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಸ್ವಂತ ಹಾಲ್ ಇಲ್ಲ, ಕಟ್ಟುವಂತೆಯೂ ಇಲ್ಲ. ಹಾಗಾಗಿ ನಮ್ಮ ಸಮಿತಿಯಲ್ಲಿ ಕಟ್ಟಡದ ಜಗಳ ಒಂದು ದಿನವೂ ನಡೆದಿಲ್ಲ, ಇದೊಂದು ಆಶೀರ್ವಾದ. ಹೊಸದಾಗಿ ಬಂದವನಿಗೆ ಹಾಸಿಗೆ ಎಲ್ಲಿ, ಕೆಲಸ ಹೋದವನಿಗೆ ಟಿಕೆಟ್ ಹೇಗೆ, ಇದೇ ನಮ್ಮ ಕಾರ್ಯಸೂಚಿ.

ಗುರ್ಕಾರರ ಮಗ:

ನಾನು ಕ್ಯಾಥೊಲಿಕ್, ಕೊಂಕಣಿ ಮನೆಮಾತು, ಕರೆಯದೆ ಬಂದಿದ್ದೇನೆ. ನಮ್ಮ ಚರ್ಚುಗಳಲ್ಲಿ ಇಡೀ ಊರನ್ನು ವಾಡೊ ವಾಡೊ ಎಂದು ಭಾಗ ಮಾಡಿ ಒಂದೊಂದಕ್ಕೆ ಒಬ್ಬ ಗುರ್ಕಾರರನ್ನು ಇಟ್ಟಿರುತ್ತಾರೆ. ನಮ್ಮ ಅಪ್ಪ ಆಗಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗ ಬಾಂಬೆಯಿಂದ ಬಂದ, ಯಾವ ದಾಯಾದಿಗಳು ಮಾತು ಬಿಟ್ಟಿದ್ದಾರೆ ಎಲ್ಲವೂ ಅವರ ತಲೆಯಲ್ಲಿತ್ತು. ಪಾದ್ರಿಗಳು ಬದಲಾಗುತ್ತಿದ್ದರು, ಗುರ್ಕಾರರು ಉಳಿಯುತ್ತಿದ್ದರು. ನಿಮ್ಮ 186 ಕುಟುಂಬಗಳನ್ನು ಹತ್ತು ವಾಡೊ ಮಾಡಿ ನೋಡಿ. ಖರ್ಚಿಲ್ಲ. ನಾವು ಇದನ್ನು ಸರಿಯಾಗಿ ನಡೆಸುತ್ತಿದ್ದೇವೆ ಎಂದು ಎದೆತಟ್ಟಿಕೊಳ್ಳುವುದಿಲ್ಲ. ಈಗೀಗ ಗುರ್ಕಾರರಾಗಲು ಒಪ್ಪುವವರೇ ಕಡಿಮೆ.

ಹಿಂದಿನ ಬೆಂಚು:

ಇಷ್ಟು ಹೊತ್ತು ಓದಿದೆ. ಕಾರ್ಯದರ್ಶಿಯವರೇ, ಆ ಕರಡು ಬರೆದ ಮೂವರಲ್ಲಿ ಹೆಂಗಸರು ಎಷ್ಟು? ಉತ್ತರ ನನಗೆ ಗೊತ್ತು. ಮನೆ ಭೇಟಿ ಮಾಡುವವರು ಯಾರು? ಸ್ತ್ರೀಯರ ಕೂಟ. ಹೆರಿಗೆ ಮನೆಗೆ, ಸಾವಿನ ಮನೆಗೆ ಗಂಜಿ ಹೊತ್ತವರು ಯಾರು? ಅವರೇ. ದರ್ಶನ ಕಾಣುವ ಹೊತ್ತಿಗೆ ಮಾತ್ರ ಗಂಡಸರಿಗೆ ಕಣ್ಣು ತೆರೆಯುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಯೋಂಗಿ ಚೋ ಅವರು 1958ರಲ್ಲಿ ಕೆಲವೇ ಜನರೊಂದಿಗೆ ಆರಂಭಿಸಿ ಲಕ್ಷಗಟ್ಟಲೆ ಸದಸ್ಯರ ಸಭೆ ಬೆಳೆಸಿದರು ಎಂದು ಎಲ್ಲ ಸೆಮಿನಾರುಗಳಲ್ಲಿ ಹೇಳುತ್ತಾರೆ. ಅಲ್ಲಿ ಮನೆಮನೆಯ ಗುಂಪುಗಳನ್ನು ನಡೆಸಿದವರಲ್ಲಿ ಬಹುಪಾಲು ಹೆಂಗಸರು ಎಂಬುದನ್ನು ಹೇಳುವುದಿಲ್ಲ. ಅದೇ ಚೋ ಅವರು 2014ರಲ್ಲಿ ಸಭೆಯ ಹಣದ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು ಎಂಬುದನ್ನೂ ಹೇಳುವುದಿಲ್ಲ. ಖಜಾಂಚಿ ಅಣ್ಣನವರು ಇದನ್ನು ಗುರುತು ಹಾಕಿಕೊಳ್ಳಲಿ.

ನಾನೂ ಕರಾವಳಿಯ ಸಭೆಯವಳೇ, ಬಹುಶಃ ನಿಮ್ಮದೇ, ಇರಲಿ. ಹಿಂದಿನ ಬೆಂಚಿನಲ್ಲಿ ಕೂರುವುದರಿಂದ ನನಗೆ ಕಾಣುವುದು ನಿಮಗೆ ಕಾಣುವುದಿಲ್ಲ. ಕಳೆದ ಮಳೆಗಾಲದಿಂದ ಐದಾರು ಹುಡುಗಿಯರು ಬರುತ್ತಿದ್ದಾರೆ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ, ಊರು ಜಾರ್ಖಂಡ್. ಒಂದು ಅಕ್ಷರ ಕನ್ನಡ ಬರುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿ ಸಾಲಾಗಿ ಬಿಡುತ್ತಾರೆ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ, ನಾವು ಎದ್ದಾಗ ಏಳುತ್ತಾರೆ, ಕೂತಾಗ ಕೂರುತ್ತಾರೆ. ಕರ್ತನ ಭೋಜನಕ್ಕೆ, ರೊಟ್ಟಿ ದ್ರಾಕ್ಷಾರಸ ಹಂಚುವಾಗ, ಮುಂದೆ ಬರುವುದಿಲ್ಲ, ಯಾರೂ ಕರೆದೂ ಇಲ್ಲ. ಕಾಣಿಕೆ ಚೀಲ ಬಂದಾಗ ಪ್ರತಿಯೊಬ್ಬಳೂ ಹಾಕುತ್ತಾಳೆ. ಅವರ ಬೆರಳ ತುದಿ ಗೇರಿನ ಎಣ್ಣೆಗೆ ಸುಟ್ಟು ಕಪ್ಪಾಗಿದೆ. ನಿಮ್ಮ ಎಣಿಕೆಯ ತೊಂಬತ್ತರಲ್ಲಿ ಅವರು ಇದ್ದಾರೆಯೇ?

ಕರಾವಳಿಯ ಕಾರ್ಯದರ್ಶಿ:

ಇಲ್ಲ. ನಾನು ಎಣಿಸುವುದು ಮುಂದಿನಿಂದ, ಕಂಬದವರೆಗೆ.

ಬೆಟಗೇರಿ ಮೇಷ್ಟ್ರು:

ಅಕ್ಕಾ, ಜಾರ್ಖಂಡದಲ್ಲಿ ಯಾವ ಜಿಲ್ಲೆ, ಯಾವ ಸಭೆ ಎಂದು ಕೇಳಿ ಹೇಳಬಲ್ಲಿರಾ? ನನಗೊಂದು ಅನುಮಾನ. ಬರ್ಲಿನ್‌ನ ಪಾದ್ರಿ ಗೋಸ್ನರ್ ಕಳಿಸಿದ ನಾಲ್ವರು ಮಿಷನರಿಗಳು 1845ರಲ್ಲಿ ರಾಂಚಿ ಮುಟ್ಟಿದರು, ನಮ್ಮವರು ಮಂಗಳೂರು ಮುಟ್ಟಿದ ಹನ್ನೊಂದು ವರ್ಷಕ್ಕೆ. ಅವರಿಗೂ ಯುದ್ಧದಲ್ಲಿ ಇದೇ ಗತಿಯಾಯಿತು, ಜರ್ಮನ್ನರು ಹೋದರು. ಆದರೆ ಅಲ್ಲಿನ ಉರಾಂವ್, ಮುಂಡಾ ಜನ 1919ರಲ್ಲಿ ‘ನಮ್ಮ ಸಭೆಯನ್ನು ನಾವೇ ನಡೆಸುತ್ತೇವೆ’ ಎಂದು ಸ್ವತಂತ್ರರಾದರು. ಮಾರ್ಟಿನ್ ಲೂಥರ್ ಪರಂಪರೆಯ ದೊಡ್ಡ ಲುಥೆರನ್ ಸಭೆ ಅದು.

ಕರಾವಳಿಯ ಕಾರ್ಯದರ್ಶಿ (ಮೂರು ವಾರಗಳ ನಂತರ):

ತಡವಾಯಿತು, ಕ್ಷಮಿಸಿ. ಗುರ್ಕಾರರ ಮಗನ ಮಾತು ಕೇಳಿ ನೋಂದಣಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮೂರು ಶನಿವಾರ ಮನೆಮನೆ ತಿರುಗಿದೆ. ಜೊತೆಗೆ ನಮ್ಮ ಗಂಟೆ ಬಾರಿಸುವ ಅಜ್ಜ. ಅವರಿಗೆ ದಾರಿ ಗೊತ್ತು, ನನಗೆ ಹೆಸರು ಗೊತ್ತು.

186ರಲ್ಲಿ 41 ಮನೆಗಳಿಗೆ ಬೀಗ. ಒಂದು ಮನೆಯ ಅಂಗಳದಲ್ಲಿ ಬಿದ್ದ ತೆಂಗಿನಕಾಯಿಗಳು ಮೊಳಕೆಯೊಡೆದು ಮೊಣಕಾಲೆತ್ತರ ಬೆಳೆದಿದ್ದವು, ಬಾಗಿಲಿಗೆ ಸಿಕ್ಕಿಸಿದ ಕರೆಂಟ್ ಬಿಲ್ಲುಗಳು ಮಳೆಗೆ ನೆನೆದು ಒಂದೇ ಮುದ್ದೆಯಾಗಿದ್ದವು. ಇನ್ನೊಂದು ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಒಬ್ಬರೇ. ‘ಚರ್ಚಿಗೆ ಬರುವುದನ್ನು ಏಕೆ ಬಿಟ್ಟಿರಿ’ ಎಂದು ಕೇಳಿದೆ. ಆಟೊದವನು ಭಾನುವಾರ ಬೆಳಿಗ್ಗೆ ನೂರೈವತ್ತು ಕೇಳುತ್ತಾನೆ ಮಗಾ, ಹೋಗಿ ಬರಲು ಮುನ್ನೂರು, ಕಾಣಿಕೆಗೆ ಏನು ಉಳಿಯುತ್ತದೆ ಎಂದರು. ನಮ್ಮ ಕರಡಿನಲ್ಲಿ ಹವಾನಿಯಂತ್ರಣ ಇದೆ, ಮೆಟ್ಟಿಲ ಪಕ್ಕ ಒಂದು ಇಳಿಜಾರು ದಾರಿ ಇಲ್ಲ, ಆಟೊ ಇಲ್ಲ. ಇಂಥ ಮನೆಗಳು ಹದಿನೇಳು.

ಹನ್ನೆರಡು ಕುಟುಂಬಗಳು ಬೇರೆ ಸಭೆಗೆ ಹೋಗಿವೆ. ಕಾರಣ ಕೇಳಿದಾಗ ಯಾರೂ ಸಿದ್ಧಾಂತದ ಮಾತು ಆಡಲಿಲ್ಲ. ಮೂವರು ಒಂದೇ ಮಾತು ಹೇಳಿದರು: ಕಷ್ಟ ಬಂದಾಗ ಅಲ್ಲಿಯವರು ಬಂದರು, ನೀವು ಬರಲಿಲ್ಲ. ಹೊಸ ಸಭೆಯವರೇ, ಇದು ನಿಮ್ಮ ಲೆಕ್ಕಕ್ಕೆ.

ಇನ್ನು ಗೇರುಬೀಜದ ಕಾರ್ಖಾನೆ. ಅಲ್ಲಿನ ಕೋಣೆಗಳಲ್ಲಿ ನಾಲ್ವತ್ತಕ್ಕೂ ಹೆಚ್ಚು ಹುಡುಗಿಯರಿದ್ದಾರೆ, ಸಿಮ್ಡೇಗಾ, ಗುಮ್ಲಾ ಜಿಲ್ಲೆಗಳವರು. ಮೇಷ್ಟ್ರ ಅನುಮಾನ ನಿಜ. ಹತ್ತೊಂಬತ್ತು ಜನ ಲುಥೆರನ್, ಮೂರು ತಲೆಮಾರಿನವರು. ಉಳಿದವರಲ್ಲಿ ಕ್ಯಾಥೊಲಿಕರು ಹೆಚ್ಚು, ಸರ್ನಾ ಎಂಬ ಆದಿವಾಸಿ ಧರ್ಮದ ಆಚರಣೆಯವರೂ ಇದ್ದಾರೆ. ನನ್ನ ಹಿಂದಿ ಹರಕು ಮುರುಕು, ಅಜ್ಜನಿಗೆ ಅದೂ ಇಲ್ಲ. ಅವರಲ್ಲಿ ಇಬ್ಬರು ಉರಾಂವ್ ಜನರ ಕುಡುಖ್ ಭಾಷೆಯಲ್ಲಿ ಏನೋ ವಾದ ಮಾಡುತ್ತಿದ್ದರು. ಅಜ್ಜ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, ‘ಅವಳು ಇವಳಿಗೆ ನೀನ್ ಎಂದಳು, ಕೇಳಿದಿರಾ’ ಎಂದರು. ಹೌದು, ನೀನ್. ಆಮೇಲೆ ಅಜ್ಜ ಕಣ್ಣು ಮುಟ್ಟಿಕೊಂಡು ‘ಕಣ್’ ಎಂದರು. ಹುಡುಗಿ ನಕ್ಕು ‘ಖನ್’ ಎಂದಳು. ಹಿಂದಿಯಲ್ಲಿ ಆಗದ ಮಾತು ಅಲ್ಲಿ ಆರಂಭವಾಯಿತು.

ಬೆಟಗೇರಿ ಮೇಷ್ಟ್ರು:

ತಮ್ಮಾ, ಕುಡುಖ್ ದ್ರಾವಿಡ ಭಾಷೆ! ನಮ್ಮ ಕನ್ನಡದ ದೂರದ ಅಕ್ಕತಂಗಿ, ಛೋಟಾನಾಗಪುರದ ಕಾಡಿನಲ್ಲಿ ಉಳಿದವಳು. ನಿಮ್ಮ ಊರಿನ ಗ್ರೈನರ್ 1840ರ ದಶಕದಲ್ಲೇ ತುಳು ಹೊಸ ಒಡಂಬಡಿಕೆಗೆ ಕೈ ಹಾಕಿದ್ದು ಕನ್ನಡ ಲಿಪಿಯಲ್ಲಿ, ಏಕೆಂದರೆ ಎದುರಿಗಿದ್ದವರು ಆಡುತ್ತಿದ್ದದ್ದು ತುಳು. ಇವತ್ತು ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಹೊಸ ಸಭೆಯವನು:

ನಮ್ಮ ಲೆಕ್ಕಕ್ಕೆ ಬರೆದುಕೊಂಡೆ, ಆದರೆ ಸಂತೋಷದಿಂದಲ್ಲ. ನಮ್ಮಲ್ಲಿಂದ ಹೋದವರ ಮನೆಗೆ ನಾನೂ ಇಷ್ಟು ದಿನ ಹೋಗಿಲ್ಲ.

ಗುರ್ಕಾರರ ಮಗ:

ಆ ಕ್ಯಾಥೊಲಿಕ್ ಹುಡುಗಿಯರ ವಿಳಾಸ ಕಳಿಸಿ. ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಹಿಂದಿ ಪೂಜೆ ಇದೆ, ಅದು ಅವರಿಗೆ ಗೊತ್ತಿಲ್ಲದಿರಬಹುದು. ಅವರನ್ನು ನಿಮ್ಮ ಎರಡು ಪಟ್ಟಿಗೆ ಸೇರಿಸಿಕೊಳ್ಳುವಂತಿಲ್ಲ, ಈಗಲೇ ಹೇಳಿದ್ದೇನೆ.

ಕರಾವಳಿಯ ಕಾರ್ಯದರ್ಶಿ:

ನಿನ್ನೆ ಸಮಿತಿ ಸಭೆ ನಡೆಯಿತು, ಮೂರೂವರೆ ಗಂಟೆ. ನಮ್ಮ ಸಭಾಪಾಲಕರಾದ ಅಯ್ಯನವರು ಆರಂಭದ ಪ್ರಾರ್ಥನೆಯಲ್ಲೇ ತಾಳ್ಮೆ ಕೇಳಿಕೊಂಡರು, ಅವರಿಗೆ ನಮ್ಮ ಪರಿಚಯವಿದೆ. ಮಾರಾಟ ವಿಭಾಗದ ಹಿರಿಯರು ತಮ್ಮ ಕರಡನ್ನು ಬಿಟ್ಟುಕೊಡಲಿಲ್ಲ, ಆದರೆ ಹದಿನೇಳು ಮನೆಗಳ ಪಟ್ಟಿ ಓದಿದಾಗ ಒಂದು ಹೆಸರಿಗೆ ಅವರ ಮುಖ ಬದಲಾಯಿತು. ಅವರ ಚಿಕ್ಕಮ್ಮ.

ಹಾಲ್ ಬಿದ್ದುಹೋಗಿಲ್ಲ, ಮುಂದಕ್ಕೆ ಹೋಗಿದೆ. ‘ಎರಡು ಪಟ್ಟು’ ಎಂಬ ಸಾಲನ್ನು ಮತಕ್ಕೆ ಹಾಕಿ ತೆಗೆದೆವು, ಏಳು ಮತಗಳು ನಾಲ್ಕರ ವಿರುದ್ಧ. ನೇರಪ್ರಸಾರ ಉಳಿಯಿತು, ಯುವಕರು ಹಟ ಹಿಡಿದರು, ಬಿಟ್ಟೆವು. ಐದು ಊರುಗಳ ಬದಲು, ಈ ವರ್ಷ ನೋಂದಣಿ ಪುಸ್ತಕದ ಪ್ರತಿ ಮನೆಗೂ ಇಬ್ಬರು ಎರಡು ಸಲ ಹೋಗಬೇಕು ಎಂದು ಬರೆದೆವು. ಊರನ್ನು ಒಂಬತ್ತು ಭಾಗ ಮಾಡಿದ್ದೇವೆ, ಐದಕ್ಕೆ ಹೆಂಗಸರೇ ಮುಖ್ಯಸ್ಥರು. ಎರಡು ಆಟೊಗಳನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡುವುದು. ಶನಿವಾರ ಸಂಜೆ ಮಕ್ಕಳಿಗೆ ಕನ್ನಡ ಓದು. ಬೆಂಗಳೂರಿನ ಮಗಳು ರಜೆಗೆ ಬಂದಾಗ ಸೇರಲಿ. ಪಕ್ಕದ ಓಣಿಯವರಿಗೆ: ನಿಮ್ಮ ಬಗ್ಗೆ ಕಾಗದದಲ್ಲಿ ಒಂದು ಸಾಲೂ ಇಲ್ಲ. ಸುಗ್ಗಿ ಹಬ್ಬದ ಏಲಂಗೆ ಬನ್ನಿ, ಕಳೆದ ಸಲ ಒಂದು ಹಲಸಿನ ಹಣ್ಣು ನಾಲ್ಕು ಸಾವಿರಕ್ಕೆ ಹೋಯಿತು.

ಜಾರ್ಖಂಡದ ಹುಡುಗಿಯರಿಗೆ ಪ್ರತಿ ತಿಂಗಳ ಮೂರನೆಯ ಭಾನುವಾರ ಸಂಜೆ ಅವರದೇ ಹಾಡುಗಳ ಪ್ರಾರ್ಥನೆ ಮಾಡಿಕೊಳ್ಳಲು ಹಳೆಯ ಹಾಲ್ ಕೊಟ್ಟಿದ್ದೇವೆ. ನಡೆಸುವವರು ಅವರೇ, ನಾವು ಕೂರುವವರು. ಬೆಳಗಿನ ಆರಾಧನೆಯಲ್ಲಿ ಕರ್ತನ ಭೋಜನಕ್ಕೆ ಮುಂದೆ ಬರಬಹುದು ಎಂದು ಅಯ್ಯನವರೇ ಹಿಂದಿನ ಬೆಂಚಿಗೆ ಹೋಗಿ ಹೇಳುತ್ತಾರಂತೆ. ಈಗ ನನಗೆ ಒಂದು ಸಹಾಯ ಬೇಕು: ಸಾದ್ರಿ (ಅವರ ಕಡೆಯ ಆಡುಭಾಷೆ) ಅಥವಾ ಕುಡುಖ್ ಸಂಗೀತ ಪುಸ್ತಕ ಎಲ್ಲಿ ಸಿಗುತ್ತದೆ?

ಹಿಂದಿನ ಬೆಂಚು:

ಪುಸ್ತಕ ಹುಡುಕಬೇಡಿ. ಎಲ್ಲ ಹಾಡುಗಳೂ ಆ ಹುಡುಗಿಯರ ಮೊಬೈಲಿನಲ್ಲಿವೆ. ಕಳೆದ ಗುರುವಾರ ಅವರ ಕೋಣೆಯಲ್ಲಿ ಕೂತು ಹನ್ನೆರಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಎರಡರ ರಾಗ ನಮಗೆ ಆಗಲೇ ಗೊತ್ತಿರುವ ಹಳೆಯ ಜರ್ಮನ್ ರಾಗ, ನಾನು ಕನ್ನಡದಲ್ಲಿ ಹಾಡಿದೆ, ಅವರು ಸಾದ್ರಿಯಲ್ಲಿ. ಅರವತ್ತು ಪ್ರತಿ ಜೆರಾಕ್ಸ್ ಮಾಡಿಸಬೇಕು, ದುಡ್ಡು ಮಂಜೂರು ಮಾಡಿಸಿ.

ಜಮಾಖರ್ಚು:

ಕಾಗದದ ಎರಡೂ ಬದಿಗೆ ಮಾಡಿಸಿ. ರಸೀದಿ ಇಟ್ಟುಕೊಳ್ಳಿ.